ನದಿ ಎಂಬ ಕಾಲ್ಪನಿಕ ರೇಖೆ

ಹುಡುಗಿಯ ಬಲಗೈ ನಡುಬೆರಳಿನಲ್ಲಿ ಒಂದು ಗಂಟು. ಪೆನ್ನು ಕೂರುವ ಜಾಗದಲ್ಲಿ ಚರ್ಮ ಸತ್ತು ಕಾಳಿನಷ್ಟು ದಪ್ಪಗಾಗಿತ್ತು. ಒತ್ತಿದರೆ ಗಂಟಿಗೆ ನೋವಿಲ್ಲ. ನೋವೆಲ್ಲ ಅದರ ಸುತ್ತ. ಮೂರು ವರ್ಷದ ಡಿಗ್ರಿಯಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ ಎಂದು ಆಮೇಲೆ ಕಾಲೇಜಿನಲ್ಲಿ ಕೆಲವರು ನಕ್ಕರು. ನಕ್ಕವರಿಗೆ ಡಿಗ್ರಿ ಸಿಕ್ಕಿತ್ತು.

ಕಾಲೇಜು ಎಂದರೆ ಐದು ಕೋಣೆ. ಬಸ್ಸು ಬಂದು ತಿರುಗಿಸಿಕೊಂಡು ಹೋಗುವ ಬಯಲಿನ ಅಂಚಿನಲ್ಲಿ, ಶೀಟಿನ ಮಾಡಿನ ಕೆಳಗೆ. ಮಳೆ ಬಿದ್ದರೆ ಪಾಠ ಕೇಳಿಸುವುದಿಲ್ಲ. ಬಿಸಿಲಾದರೆ ಕೇಳಿಸುತ್ತದೆ, ಆದರೆ ಯಾರೂ ಎಚ್ಚರವಿರುವುದಿಲ್ಲ. ಗ್ರಂಥಾಲಯ ಒಂದು ಬೀರು. ಬೀರುವಿನ ಬೀಗದ ಕೈ ಗ್ರಂಥಪಾಲಕರ ಬಳಿ ಇರಬೇಕೆಂದು ನಿಯಮ. ಗ್ರಂಥಪಾಲಕರ ಹುದ್ದೆ ಖಾಲಿ. ಭೂಗೋಳ ವಿಭಾಗಕ್ಕೆ ಸೇರಿದ್ದು ಅಚ್ಚು ಮುರಿದ ಒಂದು ಗ್ಲೋಬು, ಇಪ್ಪತ್ತು ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು.

ಮೇಷ್ಟ್ರಿಗೆ ಚಾಕ್‌ಪೀಸಿನ ಧೂಳು ಆಗುತ್ತಿರಲಿಲ್ಲ. ಒಂದು ಗೆರೆ ಎಳೆದರೆ ಹತ್ತು ಸಲ ಕೆಮ್ಮುತ್ತಿದ್ದರು. ಮೊದಲ ವರ್ಷದ ಮೊದಲ ವಾರ ಕುರ್ಚಿಯಲ್ಲಿ ಕೂತೇ ಕೇಳಿದರು.

"ಯಾರ ಅಕ್ಷರ ದುಂಡಗಿದೆ?"

ಇಡೀ ತರಗತಿ ಹಿಂದಕ್ಕೆ ತಿರುಗಿತು.

"ಅವಳದು ಸರ್. ಕೊನೇ ಬೆಂಚು. ಗುಡಿಸೋಳ ಮಗಳು."

"ಬಾಮ್ಮ ಇಲ್ಲಿ" ಎಂದರು. ಅವಳು ಎದ್ದು ಹೋದಳು. ಆಮೇಲೆ ಮೂರು ವರ್ಷ ಭೂಗೋಳದ ತರಗತಿಯಲ್ಲಿ ಕೂರಲಿಲ್ಲ.

ಪದ್ಧತಿ ಹೀಗಿತ್ತು. ಮೇಷ್ಟ್ರ ಬಳಿ ಒಂದು ನೋಟ್ಸು. ನಲವತ್ತು ವರ್ಷದ ಹಿಂದೆ ತಾವು ಓದುವಾಗ ಬರೆದುಕೊಂಡದ್ದು. ಹಾಳೆ ಹಳದಿಯಾಗಿ, ಅಂಚು ಉದುರಿ, ರಬ್ಬರ್ ಬ್ಯಾಂಡಿನಲ್ಲಿ ಜೀವ ಹಿಡಿದಿತ್ತು. ಅದನ್ನು ಅವರು ಓದುತ್ತಿದ್ದರು. ಇವಳು ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದಳು. ಹತ್ತೊಂಬತ್ತು ಜನ ಅವಳ ಬೆನ್ನಿನ ಆಚೀಚೆ ಇಣುಕಿ ಬರೆದುಕೊಳ್ಳುತ್ತಿದ್ದರು. "ಏಯ್, ಸ್ವಲ್ಪ ಪಕ್ಕಕ್ಕೆ ಸರಿಯೇ, ನೀನೇನು ಗಾಜಾ?" ಎಂದು ಯಾರಾದರೂ ಕೂಗುತ್ತಿದ್ದರು. ಅವಳು ಪಕ್ಕಕ್ಕೆ ಸರಿದು, ಕೈ ಮಾತ್ರ ಚಾಚಿ, ಓರೆಯಾಗಿ ನಿಂತು ಬರೆಯುವುದನ್ನು ಕಲಿತಳು. ಭುಜ ಸೆಳೆಯುತ್ತಿತ್ತು. ಕೂದಲು, ಹುಬ್ಬು, ಮೂಗಿನ ತುದಿ ಬಿಳಿಯಾಗುತ್ತಿತ್ತು. ಗಂಟೆ ಹೊಡೆದಾಗ ಹತ್ತೊಂಬತ್ತು ಪುಸ್ತಕ ತುಂಬಿರುತ್ತಿತ್ತು. ಇಪ್ಪತ್ತನೆಯದು ಖಾಲಿ.

ಆ ಖಾಲಿ ಪುಸ್ತಕವನ್ನು ಅವಳು ಮನೆಯಲ್ಲಿ ನೆನಪಿನಿಂದ ತುಂಬುತ್ತಿದ್ದಳು. ನೆನಪಿಗೆ ಒಂದು ಕೆಟ್ಟ ಗುಣವಿದೆ. ಅರ್ಥವಾಗದ್ದನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಆ ತರಗತಿಯಲ್ಲಿ ಭೂಗೋಳವನ್ನು ಅರ್ಥ ಮಾಡಿಕೊಳ್ಳಬೇಕಾದ ಕಷ್ಟ ಬಂದದ್ದು ಅವಳೊಬ್ಬಳಿಗೇ.

ಅವಳಿಗೆ 'ಜೆರಾಕ್ಸ್' ಎಂದು ಹೆಸರಿಟ್ಟವನು ಪ್ರಿನ್ಸಿಪಾಲರ ತಂಗಿ ಮಗ. ಮೊದಲ ವರ್ಷದ ಕೊನೆಗೆ ನಕ್ಷೆಗಳ ರೆಕಾರ್ಡು ಬರೆಯಬೇಕಾಗಿ ಬಂದಾಗ ಆ ಹೆಸರು ಗಟ್ಟಿಯಾಯಿತು. ಮೇಷ್ಟ್ರೇ ಹೇಳಿದ್ದರು. "ಎಲ್ಲರದ್ದೂ ನೀನೇ ಬರ್ದುಬಿಡಮ್ಮ. ಒಂದೇ ಥರ ಇದ್ರೆ ಇನ್‌ಸ್ಪೆಕ್ಷನ್‌ಗೆ ಬಂದೋರಿಗೂ ಚೆನ್ನಾಗಿ ಕಾಣತ್ತೆ." ಒಂದು ರೆಕಾರ್ಡಿಗೆ ಮೂವತ್ತು ಹಾಳೆ. ಅಂಥವು ಇಪ್ಪತ್ತು. ಅವಳು ಮನೆಯಲ್ಲಿ ಟ್ರಂಕನ್ನು ಮೇಜು ಮಾಡಿಕೊಂಡು, ಮಂಡಿ ಮಡಚಿ ಕೂತು, ಆರುನೂರು ಹಾಳೆ ಬರೆದಳು. ಮುಂದಿನ ಎರಡು ವರ್ಷವೂ ಬರೆದಳು.

ಮುಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ರೆಕಾರ್ಡು ವಾಪಸ್ ಪಡೆದಾಗ ಅದರ ಕಂದು ಕಾಗದದ ಹೊದಿಕೆಯನ್ನು ಕಿತ್ತು ಹಾಕಿ ಹೊಸದು ಹಾಕಿಕೊಳ್ಳುತ್ತಿದ್ದಳು. ಎಲ್ಲರೆದುರೇ. ಸಿಟ್ಟಿನಿಂದಲ್ಲ. ಕೈ ತೊಳೆದುಕೊಳ್ಳುವಷ್ಟು ಸಹಜವಾಗಿ.

"ಹೊಸದಾಗೇ ಇತ್ತಲ್ಲ, ಯಾಕೆ ಕೀಳ್ತೀಯ?" ಎಂದು ಒಮ್ಮೆ ಇವಳು ಕೇಳಿದಳು.

"ನಿಮ್ಮನೇಲಿ ಇತ್ತಲ್ವಾ" ಎಂದಳು ಆ ಹುಡುಗಿ. "ನಮ್ಮಮ್ಮ ಒಳಗೆ ಸೇರಿಸಲ್ಲ ಕಣೇ. ನಂಗೇನಿಲ್ಲಪ್ಪ."

ಹೊದಿಕೆ ಹೋಯಿತು. ಒಳಗಿನ ಮೂವತ್ತು ಹಾಳೆ ಉಳಿಯಿತು. ಹಾಳೆಗಳನ್ನೂ ಕಿತ್ತರೆ ಬರೆಯುವವರು ಯಾರು?

*

ಅವಳ ಅಮ್ಮ ಅದೇ ಕಾಲೇಜಿನಲ್ಲಿ ಕಸ ಗುಡಿಸುತ್ತಿದ್ದಳು. ಹದಿನಾಲ್ಕು ವರ್ಷದಿಂದ ಟೆಂಪರರಿ. ಆ ಕಾಲೇಜಿನಲ್ಲಿ ಪರ್ಮನೆಂಟ್ ಆದ ಜವಾನರೆಲ್ಲ ಬಿಟ್ಟು ಹೋಗಿದ್ದರು. ನಿಂತವಳು ಟೆಂಪರರಿ ಒಬ್ಬಳೇ. ಐದು ಕೋಣೆ, ಎರಡು ಜಗಲಿ, ಒಂದು ಪಾಯಖಾನೆ. ಬೆನ್ನು ಬಗ್ಗಿಸಿದರೆ ಬಗ್ಗಿದ್ದೇ. ನೆಟ್ಟಗಾಗುವಾಗ ಒಂದು ಕೈ ಗೋಡೆ ಹುಡುಕುತ್ತಿತ್ತು.

"ನೀನು ಬರೆದು ಬರೆದು ಬೀಳಿಸೋದು, ನಾನು ಗುಡಿಸಿ ಗುಡಿಸಿ ಎತ್ತೋದು" ಎನ್ನುತ್ತಿದ್ದಳು ಮಗಳಿಗೆ. "ಭೂಗೋಳದ ರೂಮಲ್ಲಿ ಎದ್ದಷ್ಟು ಸುಣ್ಣ ಇನ್ಯಾವ ರೂಮಲ್ಲೂ ಏಳಲ್ಲ. ಸ್ವಲ್ಪ ಚಿಕ್ಕದಾಗಿ ಬರಿಯೇ, ಪುಣ್ಯ ಬರತ್ತೆ."

"ಚಿಕ್ಕದಾಗಿ ಬರೆದ್ರೆ ಹಿಂದಿನ ಬೆಂಚಿಗೆ ಕಾಣಲ್ಲಮ್ಮ."

"ಹಿಂದಿನ ಬೆಂಚಲ್ಲಿ ಯಾರಿದಾರೆ? ನೀನೇ ತಾನೆ ಇದ್ದಿದ್ದು. ನೀನೀಗ ಮುಂದೆ ನಿಂತಿದೀಯ."

ಅಮ್ಮನಿಗೆ ಓದು ಬಾರದು. ಆದರೆ ಬೋರ್ಡು ಒರೆಸುವ ಮುಂಚೆ ಒಂದು ಗಳಿಗೆ ನಿಂತು ನೋಡುತ್ತಿದ್ದಳು. ಬೇರೆ ಕೋಣೆಗಳ ಬೋರ್ಡಿನ ಮೇಲೆ ಇರುವೆ ಸಾಲು. ಇಲ್ಲಿ ಮಾತ್ರ ಮಗಳು. "ಒರೆಸೋಕೆ ಮನಸ್ಸೇ ಬರಲ್ಲ ಕಣೇ" ಎಂದವಳು ಒದ್ದೆ ಬಟ್ಟೆ ತೆಗೆದು ಮೂಲೆಮೂಲೆಯೂ ಬಿಡದಂತೆ ಒರೆಸುತ್ತಿದ್ದಳು. ಅವಳ ಕೆಲಸ ಚೊಕ್ಕಟ. ಒಂದು ಚುಕ್ಕಿ ಉಳಿಯುತ್ತಿರಲಿಲ್ಲ.

ಮಗಳಿಗೆ ಇದ್ದದ್ದು ಒಂದೇ ಆಸೆ. ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎ. ಓದಬೇಕು. ಓದಿ ಮೇಷ್ಟ್ರಾಗಬೇಕು. "ಮೇಷ್ಟ್ರಾದ್ಮೇಲೆ ಬೋರ್ಡಿಗೆ ಬೆನ್ನು ಹಾಕಿ ನಿಂತ್ಕೋತೀನಿ" ಎನ್ನುತ್ತಿದ್ದಳು. "ಮಕ್ಕಳ ಮುಖ ನೋಡ್ಕೊಂಡು ಪಾಠ ಮಾಡ್ತೀನಿ. ಈಗ ಗೋಡೆ ನೋಡಿ ಸಾಕಾಗಿದೆ." ಆ ಕಾಲೇಜಿನಿಂದ ಅಲ್ಲಿಗೆ ಹೋದವರು ಅದುವರೆಗೆ ಯಾರೂ ಇರಲಿಲ್ಲ. ಅರ್ಜಿ ಹಾಕಿದ್ದಳು. ಅಂಕಪಟ್ಟಿ ಬಂದರೆ ಸೀಟು.

*

ಮೂರನೇ ವರ್ಷ ನದಿಯ ಪಾಠ ಬಂತು.

ನದಿಗೆ ಮೂರು ಹಂತ. ಯೌವನ, ಪ್ರೌಢ, ಮುಪ್ಪು. ಮೇಷ್ಟ್ರು ಮೊದಲಿನ ಎರಡನ್ನೂ ಓದಿದರು. ಮೂರನೆಯದಕ್ಕೆ ಬಂದರು. "ಮುಪ್ಪಿನ ಹಂತದಲ್ಲಿ ನದಿಯು ತನ್ನ ವೇಗವನ್ನು ಕಳೆದುಕೊಂಡು..." ಎಂದು ಪುಟ ತಿರುವಿದರು. "...ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಎಳೆದ ಒಂದು ಕಾಲ್ಪನಿಕ ರೇಖೆಯಾಗಿದೆ. ಪೂರ್ಣವಿರಾಮ."

ಚಾಕ್‌ಪೀಸು ನಿಂತಿತು.

ನಡುವಿನ ಒಂದು ಹಾಳೆ ಉದುರಿಹೋಗಿತ್ತು. ಎಂದು ಹೋಯಿತೋ ಯಾರಿಗೂ ಗೊತ್ತಿಲ್ಲ. ನಲವತ್ತನೇ ಪುಟದ ನದಿ ನೇರವಾಗಿ ನಲವತ್ತಮೂರನೇ ಪುಟದ ರೇಖಾಂಶಕ್ಕೆ ಹೋಗಿ ಸೇರುತ್ತಿತ್ತು. ಹಿಂದಿನ ಎಷ್ಟೋ ತಂಡಗಳು ಆ ನದಿಯನ್ನು ಹಾಗೇ ಬರೆದು, ಹಾಗೇ ಪಾಸಾಗಿ, ಕೆಲವರು ಮೇಷ್ಟ್ರುಗಳೂ ಆಗಿದ್ದರು. ಮೌಲ್ಯಮಾಪಕರು ಉತ್ತರವನ್ನು ಓದುತ್ತಿರಲಿಲ್ಲ. ಉದ್ದ ನೋಡುತ್ತಿದ್ದರು.

"ಸರ್, ನದಿ ರೇಖೆ ಹೇಗಾಗತ್ತೆ?" ಎಂದಳು ಬೋರ್ಡಿನ ಕಡೆ ಮುಖ ಇಟ್ಟುಕೊಂಡೇ.

ತರಗತಿ ನಕ್ಕಿತು. "ಲೋ, ಜೆರಾಕ್ಸ್ ಮಿಷನ್ ಮಾತಾಡ್ತಿದೆ!" ಎಂದ ಪ್ರಿನ್ಸಿಪಾಲರ ತಂಗಿ ಮಗ.

ಮೇಷ್ಟ್ರು ಒಂದು ಕ್ಷಣ ಪುಟ ನೋಡಿದರು. ಹಿಂದೆ ತಿರುವಿದರು. ಮುಂದೆ ತಿರುವಿದರು. ಅವರ ಕಿವಿ ಕೆಂಪಾಯಿತು.

"ಹೇಳಿದ್ದನ್ನ ಬರಿ. ಮೂವತ್ತು ವರ್ಷದಿಂದ ಇದನ್ನೇ ಬರ್ದು ಪಾಸಾಗಿದಾರೆ. ನೀನೇನು ನದಿ ಕಂಡುಹಿಡಿಯೋಕೆ ಬಂದಿದೀಯಾ?"

ಅವಳು ಬರೆದಳು. ದುಂಡಗೆ, ಕೊನೆಯ ಬೆಂಚಿಗೂ ಕಾಣುವಂತೆ. ಹತ್ತೊಂಬತ್ತು ಜನ ಬರೆದುಕೊಂಡರು. ಸಂಜೆ ಅಮ್ಮ ಬಂದು ನಿಂತು ನೋಡಿ, ಒರೆಸಿದಳು.

ಆದರೆ ಮನೆಯಲ್ಲಿ ಆ ವಾಕ್ಯ ಅವಳ ಪುಸ್ತಕದೊಳಗೆ ಹೋಗಲಿಲ್ಲ. ರದ್ದಿಗೆ ಹಾಕಿದ ರಾಶಿಯಿಂದ ಅಮ್ಮ ಒಲೆ ಹೊತ್ತಿಸಲೆಂದು ತಂದಿದ್ದ ರಟ್ಟಿಲ್ಲದ ಒಂದು ಪಠ್ಯಪುಸ್ತಕ ಮನೆಯಲ್ಲಿತ್ತು. ಕಾಲೇಜಿನ ಬೀರುವಿನಲ್ಲಿದ್ದ ಒಂದೇ ಒಳ್ಳೆಯ ಭೂಗೋಳದ ಪುಸ್ತಕ ಅದು. ಹಳೆಯದೆಂದು ಎಸೆದಿದ್ದರು. ಅದರಲ್ಲಿ ಮುಪ್ಪಿನ ನದಿ ಇತ್ತು. ನಿಧಾನವಾಗುತ್ತದೆ, ಬಳುಕುತ್ತದೆ, ಹೊತ್ತು ತಂದ ಮಣ್ಣನ್ನು ಇನ್ನು ಹೊರಲಾರದೆ ದಾರಿಯುದ್ದಕ್ಕೂ ಇಳಿಸುತ್ತ ಹೋಗುತ್ತದೆ. ಅವಳು ಓದಿ, ಅಮ್ಮನ ಬೆನ್ನು ನೋಡಿ, ಅರ್ಥ ಮಾಡಿಕೊಂಡಳು.

ಪರೀಕ್ಷೆಯಲ್ಲಿ ಏಳನೇ ಪ್ರಶ್ನೆ: ನದಿಯ ಮುಪ್ಪಿನ ಹಂತವನ್ನು ವಿವರಿಸಿ. ಹತ್ತು ಅಂಕ.

*

ಆ ವರ್ಷ ಉತ್ತರಪತ್ರಿಕೆಗಳು ದೂರದ ಕೇಂದ್ರಕ್ಕೆ ಹೋದವು. ಅಲ್ಲಿ ಭೂಗೋಳಕ್ಕೆ ಒಬ್ಬ ಹೊಸ ಮೌಲ್ಯಮಾಪಕಿ ಬಂದಿದ್ದರು. ಓದುವ ಅಭ್ಯಾಸವನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

ಒಂದೂವರೆ ತಿಂಗಳಿಗೆ ವಿಶ್ವವಿದ್ಯಾಲಯದಿಂದ ಕಾಗದ ಬಂತು. ತಮ್ಮ ಕಾಲೇಜಿನ ಹತ್ತೊಂಬತ್ತು ಉತ್ತರಪತ್ರಿಕೆಗಳಲ್ಲಿ ಏಳನೇ ಪ್ರಶ್ನೆಗೆ ಅಕ್ಷರಶಃ ಒಂದೇ ಉತ್ತರ, ಒಂದೇ ತಪ್ಪಿನೊಡನೆ ಕಂಡುಬಂದಿದೆ. ಇದನ್ನು ಸಾಮೂಹಿಕ ನಕಲು ಎಂದು ಏಕೆ ಪರಿಗಣಿಸಬಾರದು? ಹದಿನೈದು ದಿನದಲ್ಲಿ ಉತ್ತರಿಸಿ. ಅಲ್ಲಿಯವರೆಗೆ ಎಲ್ಲರ ಫಲಿತಾಂಶ ತಡೆಹಿಡಿಯಲಾಗಿದೆ.

ಪ್ರಿನ್ಸಿಪಾಲರು ಕಾಗದವನ್ನು ಎರಡು ಸಲ ಓದಿದರು. ಹತ್ತೊಂಬತ್ತರಲ್ಲಿ ಒಬ್ಬ ಅವರ ತಂಗಿ ಮಗ. ಮೂರು ಜನ ಆಡಳಿತ ಮಂಡಳಿಯವರ ಮನೆಯವರು. ಸಾಮೂಹಿಕ ಎಂದು ಸಾಬೀತಾದರೆ ಪರೀಕ್ಷಾ ಕೇಂದ್ರ ಹೋಗುತ್ತದೆ. ಕೇಂದ್ರ ಹೋದರೆ ಕಾಲೇಜು ಹೋಗುತ್ತದೆ. ಸಾಮೂಹಿಕ ಆಗಬಾರದು. ಹಾಗಾದರೆ ಒಬ್ಬರು ಬೇಕು.

"ಇಪ್ಪತ್ತನೇದು ಯಾರದ್ದು?" ಎಂದು ಕೇಳಿದರು ಗುಮಾಸ್ತನನ್ನು.

ಗುಮಾಸ್ತ ಹೇಳಿದ. ಹೇಳಿ, ಕೇಳದಿದ್ದರೂ ಹತ್ತೊಂಬತ್ತು ರೆಕಾರ್ಡುಗಳನ್ನು ತಂದು ಮೇಜಿನ ಮೇಲಿಟ್ಟ. ಎಲ್ಲ ಒಂದೇ ಕೈ. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಚೆನ್ನಾಗಿ ಕಾಣಲೆಂದು ಬರೆಸಿದ್ದು ಈಗ ನಿಜವಾಗಿಯೂ ಚೆನ್ನಾಗಿ ಕಂಡಿತು.

ಅವಳನ್ನು ಕರೆಸಿದರು. ಕೋಣೆಯಲ್ಲಿ ಪ್ರಿನ್ಸಿಪಾಲರು, ಭೂಗೋಳದ ಮೇಷ್ಟ್ರು, ಗುಮಾಸ್ತ. ನಾಲ್ಕನೇ ಕುರ್ಚಿ ಖಾಲಿ ಇತ್ತು. ಅವಳು ನಿಂತಿದ್ದಳು.

"ಕೂತ್ಕೋ ಅಂತ ಹೇಳ್ತಿದ್ದೆ ಮಗೂ, ಬೇಗ ಮುಗಿಯೋ ವಿಷಯ" ಎಂದರು ಪ್ರಿನ್ಸಿಪಾಲರು. ಮೆತ್ತಗಿನ ಮನುಷ್ಯ. ಯಾರ ಮೇಲೂ ದನಿ ಎತ್ತಿದವರಲ್ಲ. "ಈ ರೆಕಾರ್ಡೆಲ್ಲ ನಿನ್ನ ಅಕ್ಷರ ತಾನೆ?"

"ಹೌದು ಸರ್. ಮೇಷ್ಟ್ರು ಬರಿ ಅಂದ್ರು."

ಮೇಷ್ಟ್ರು ಗ್ಲೋಬು ಇಲ್ಲದ ಕಡೆ ಗ್ಲೋಬು ಹುಡುಕುವವರಂತೆ ಗೋಡೆ ನೋಡಿದರು. ಅವರ ನಿವೃತ್ತಿಗೆ ನಾಲ್ಕು ತಿಂಗಳಿತ್ತು.

"ಅದಿರಲಿ. ಪರೀಕ್ಷೆಗೆ ಮುಂಚೆ ಎಲ್ಲರಿಗೂ ಚೀಟಿ ಬರ್ಕೊಟ್ಟೋಳು ನೀನೇ ಅಂತ ಹುಡುಗ್ರು ಬರ್ಕೊಟ್ಟಿದಾರೆ."

ಹತ್ತೊಂಬತ್ತು ಹೇಳಿಕೆಗಳಿದ್ದವು. ಮೂರು ವರ್ಷದಲ್ಲಿ ಅವರು ಬರೆದದ್ದರಲ್ಲಿ ಅವಳ ಬೋರ್ಡಿನಿಂದ ಬಾರದ ಮೊದಲ ಬರಹ ಅದು. ಪ್ರಿನ್ಸಿಪಾಲರ ತಂಗಿ ಮಗ 'ನಕಲು' ಎಂಬುದನ್ನು 'ನಲಕು' ಎಂದು ಬರೆದಿದ್ದ. ಎರಡು ಕಡೆ. ಅವನದನ್ನು ನೋಡಿ ಬರೆದ ಇಬ್ಬರೂ ಹಾಗೇ ಬರೆದಿದ್ದರು. ಗುಮಾಸ್ತ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದ.

ಹೊದಿಕೆ ಬದಲಿಸುವ ಹುಡುಗಿಯ ಹೇಳಿಕೆಯೂ ಇತ್ತು. ಅದರ ಕೊನೆಯಲ್ಲಿ ಒಂದು ಸಾಲು ಹೆಚ್ಚು: ನನಗೆ ಅವಳ ಮೇಲೆ ಏನೂ ದ್ವೇಷವಿಲ್ಲ.

"ನಾನು ಚೀಟಿ ಕೊಟ್ಟಿಲ್ಲ ಸರ್. ಆ ತಪ್ಪು ಮೇಷ್ಟ್ರ ನೋಟ್ಸಲ್ಲಿದೆ. ನಲವತ್ತನೇ ಪುಟ ಆದ್ಮೇಲೆ ಒಂದು ಹಾಳೆ ಇಲ್ಲ. ನೋಟ್ಸ್ ತರಿಸಿ, ನೋಡಿ."



"ಯಾವ ನೋಟ್ಸು?" ಎಂದರು ಮೇಷ್ಟ್ರು. "ನಾನು ನೋಟ್ಸ್ ನೋಡಿ ಪಾಠ ಮಾಡೋನಲ್ಲ."

ಅವಳು ಅವರ ಮುಖ ನೋಡಿದಳು. ಮೂರು ವರ್ಷ ಅವರ ದನಿಯನ್ನು ಬೆನ್ನಿನಿಂದ ಕೇಳಿದ್ದಳು. ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಮುದುಕ. ಹೆದರಿದ್ದ.

"ಬೋರ್ಡಿನ ಮೇಲೆ ಬರೆದಿದ್ದೆ ಸರ್. ಎಲ್ಲರೂ ನೋಡಿದಾರೆ."

"ಬೋರ್ಡಿನ ಮೇಲೆ ಈಗ ಇದೆಯಾ?" ಎಂದ ಗುಮಾಸ್ತ.

ಇರಲಿಲ್ಲ. ಒಂದು ಚುಕ್ಕಿಯೂ ಇರಲಿಲ್ಲ. ಅವಳ ಅಮ್ಮನ ಕೆಲಸ ಚೊಕ್ಕಟ.

"ನನ್ನ ಪೇಪರ್ ತರಿಸಿ ನೋಡಿ. ಅದರಲ್ಲಿ ಆ ತಪ್ಪಿಲ್ಲ. ಚೀಟಿ ಕೊಟ್ಟೋಳು ನಾನಾದ್ರೆ ನಾನೂ ಅದನ್ನೇ ಬರೀತಿದ್ದೆ ಅಲ್ವಾ?"

ಪ್ರಿನ್ಸಿಪಾಲರು ಗುಮಾಸ್ತನನ್ನು ನೋಡಿದರು. ಗುಮಾಸ್ತನ ತಲೆ ಇಂಥ ಕಡೆ ಚುರುಕು.

"ಅದೇ ಸರ್ ಪಾಯಿಂಟು" ಎಂದ. "ಎಲ್ಲರಿಗೂ ತಪ್ಪು ಕೊಟ್ಟು ತಾನು ಮಾತ್ರ ಸರಿ ಬರೆದಿದಾಳೆ. ಎಷ್ಟು ಪ್ಲಾನು ನೋಡಿ."

ಹತ್ತೊಂಬತ್ತು ಜನ ತಪ್ಪು ಬರೆದಿದ್ದು ಅವರು ಮುಗ್ಧರೆಂಬುದಕ್ಕೆ ಸಾಕ್ಷಿಯಾಯಿತು. ಅವಳು ಸರಿ ಬರೆದಿದ್ದು ಅಪರಾಧಕ್ಕೆ ಸಾಕ್ಷಿಯಾಯಿತು.

ಪ್ರಿನ್ಸಿಪಾಲರು ಬಿಳಿ ಹಾಳೆಯೊಂದನ್ನು ಅವಳ ಕಡೆ ಸರಿಸಿದರು. ಮೇಲೆ ತಮ್ಮದೇ ಪೆನ್ನು ಇಟ್ಟರು. ಒಳ್ಳೆಯ ಪೆನ್ನು.

"ತಪ್ಪಾಯ್ತು ಅಂತ ನಾಲ್ಕು ಸಾಲು ಬರ್ದುಬಿಡು ಮಗೂ. ಮೂರು ವರ್ಷ ಡಿಬಾರ್ ಮಾಡ್ತಾರೆ, ಅಷ್ಟೆ. ನಿನ್ನ ವಯಸ್ಸಿಗೆ ಮೂರು ವರ್ಷ ಏನು? ಹತ್ತೊಂಬತ್ತು ಮಕ್ಕಳ ಭವಿಷ್ಯ ಉಳಿಯತ್ತೆ. ನಿಮ್ಮಮ್ಮನ್ನ ಪರ್ಮನೆಂಟ್ ಮಾಡೋ ಫೈಲು ನನ್ನ ಹತ್ರಾನೇ ಇದೆ. ಹದಿನಾಲ್ಕು ವರ್ಷ ಆಯ್ತು ಪಾಪ. ನಾನೂ ಮನುಷ್ಯನೇ."

"ನಾನು ಸೇರಿದ್ರೆ ಇಪ್ಪತ್ತು ಸರ್."

"ಏನು?"

"ಮಕ್ಕಳು. ಹತ್ತೊಂಬತ್ತಲ್ಲ. ಇಪ್ಪತ್ತು."

"ಬರಿಯಮ್ಮ" ಎಂದರು ಮೇಷ್ಟ್ರು. ತರಗತಿಯಲ್ಲಿ ಎನ್ನುತ್ತಿದ್ದ ಅದೇ ಧಾಟಿ. ಅಭ್ಯಾಸಬಲ. ಅವಳ ಕೈಯೂ ಅಭ್ಯಾಸಬಲದಿಂದ ಪೆನ್ನಿನವರೆಗೆ ಹೋಯಿತು. ಬೆರಳು ಸುತ್ತಿಕೊಂಡಿತು. ಮೂರು ವರ್ಷ ಆ ಕೈ 'ಬರಿ' ಎಂದ ಮೇಲೆ ಬರೆಯದೆ ನಿಂತದ್ದಿಲ್ಲ.

ಅವಳು ಪೆನ್ನನ್ನು ವಾಪಸ್ ಹಾಳೆಯ ಮೇಲಿಟ್ಟಳು.

"ಬರೆಯಲ್ಲ."

"ಏನಂದೆ?"

"ಬರೆಯಲ್ಲ ಸರ್. ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಬರೆದೆ. ತಪ್ಪು ಅಂತ ಗೊತ್ತಿದ್ದೂ ಬರೆದೆ. ಇದನ್ನ ಬರೆಯಲ್ಲ."

*

ಗುಮಾಸ್ತನೇ ಬರೆದ. ಕೆಟ್ಟ ಅಕ್ಷರ. ಹುಡುಗಿ ಸಹಿ ಮಾಡದಿದ್ದರೆ ಪೋಷಕರ ಸಹಿ ನಡೆಯುತ್ತದೆ ಎಂದ. ಜಗಲಿ ಗುಡಿಸುತ್ತಿದ್ದ ಪೋಷಕರನ್ನು ಕೂಗಿದರು.

ಅಮ್ಮ ಪೊರಕೆಯನ್ನು ಹೊರಗೆ ಗೋಡೆಗೆ ಒರಗಿಸಿ, ಕೈ ಸೆರಗಿಗೆ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ಆ ಕೋಣೆಯನ್ನು ದಿನಾ ಗುಡಿಸಿದವಳು. ಒಳಗೆ ಜನ ಇರುವಾಗ ಹೊಸಲು ದಾಟಿದ್ದಿಲ್ಲ.

"ಒಳಗೆ ಬಾಮ್ಮ" ಎಂದರು ಪ್ರಿನ್ಸಿಪಾಲರು. "ನಿನ್ನ ಮಗಳ ರಿಸಲ್ಟಿನ ವಿಷಯ. ಒಂದು ಹೆಬ್ಬೆಟ್ಟು ಒತ್ತಿದ್ರೆ ಎಲ್ಲ ಸರಿಹೋಗತ್ತೆ. ನಿನ್ನ ಕೆಲಸದ ಫೈಲೂ ಮುಂದಕ್ಕೆ ಹೋಗತ್ತೆ."

ಅಮ್ಮ ಮಗಳ ಮುಖ ನೋಡಿದಳು. "ಏನ್ ಮಾಡಿದೀಯೇ?"

"ಏನೂ ಮಾಡಿಲ್ಲಮ್ಮ."

"ದೊಡ್ಡೋರು ಹೇಳ್ತಿದಾರಲ್ಲ. ಅವರು ಹೇಳಿದ ಹಾಗೆ ಮಾಡಬಾರ್ದಾ? ನಿಂಗೆ ಬಾಯಿ ಜಾಸ್ತಿ ಆಗಿದೆ." ಎನ್ನುತ್ತಲೇ ಗುಮಾಸ್ತ ಚಾಚಿದ ಶಾಯಿಯ ಡಬ್ಬಿಗೆ ಹೆಬ್ಬೆರಳು ಒತ್ತಿದಳು. ಹದಿನಾಲ್ಕು ವರ್ಷದಿಂದ ಪ್ರತಿ ತಿಂಗಳು ಒತ್ತುತ್ತಿದ್ದ ಬೆರಳು. ಎಲ್ಲಿ ಒತ್ತಬೇಕೆಂದು ಕೇಳುವ ಅಗತ್ಯವೂ ಇರಲಿಲ್ಲ.

ಬೆರಳು ಹಾಳೆಯ ಮೇಲೆ ಬರುವಷ್ಟರಲ್ಲಿ ನಿಂತಿತು.

"ಏನ್ ಬರ್ದಿದಾರೆ? ಓದು."

"ಅದೆಲ್ಲ ನಿಂಗ್ಯಾಕಮ್ಮ" ಎಂದ ಗುಮಾಸ್ತ. "ಆಫೀಸ್ ಭಾಷೆ."

"ಅವಳು ಓದಿದೋಳಲ್ವಾ ಸಾರ್. ಓದಲಿ. ಇದೇ ಕಾಲೇಜಲ್ಲಿ ಓದಿದೋಳು."

ಮಗಳು ಹಾಳೆ ಎತ್ತಿಕೊಂಡು ಓದಿದಳು. ಗಟ್ಟಿಯಾಗಿ, ತಡವರಿಸದೆ. ನನ್ನ ಮಗಳು ದುರುದ್ದೇಶದಿಂದ ಸಹಪಾಠಿಗಳಿಗೆ ತಪ್ಪು ಉತ್ತರಗಳ ಚೀಟಿಗಳನ್ನು ಹಂಚಿ ಕಾಲೇಜಿನ ಗೌರವಕ್ಕೆ ಧಕ್ಕೆ ತಂದಿರುತ್ತಾಳೆ. ಸದರಿ ಕೃತ್ಯವನ್ನು ನಾನು ತಾಯಿಯಾಗಿ ಒಪ್ಪಿಕೊಂಡಿರುತ್ತೇನೆ. ಸದರಿಯವಳಿಗೆ ಯಾವುದೇ ಶಿಕ್ಷೆ ವಿಧಿಸಲು ನನ್ನ ಒಪ್ಪಿಗೆ ಇರುತ್ತದೆ. 'ತಾಯಿಯಾಗಿ' ಎಂಬಲ್ಲಿ ಮಾತ್ರ ಅವಳ ದನಿ ಸ್ವಲ್ಪ ಕೆಳಗಿಳಿಯಿತು.

ಅಮ್ಮನಿಗೆ 'ಸದರಿ' ಅರ್ಥವಾಗಲಿಲ್ಲ. ಉಳಿದದ್ದು ಆಯಿತು.

"ಇದು ನೀನು ಮಾಡಿದ್ದಾ?"

"ಅಲ್ಲ."

"ನನ್ನ ಮೇಲೆ ಆಣೆ ಇಟ್ಟು ಹೇಳು."

"ಅಲ್ಲಮ್ಮ."

ಅಮ್ಮ ಶಾಯಿ ಮೆತ್ತಿದ ಬೆರಳನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದಳು. ಮೇಜಿಗೆ ತಾಕಿಸುವಂತಿಲ್ಲ, ಗೋಡೆಗೆ ತಾಕಿಸುವಂತಿಲ್ಲ. ಕೊಳೆ ಮಾಡಿದರೆ ಒರೆಸಬೇಕಾದವಳು ಅವಳೇ.

"ಸಾರ್" ಎಂದಳು. ಕೈ ಮುಗಿಯಲು ಹೋಗಿ, ಶಾಯಿ ನೆನಪಾಗಿ ಕೈ ಕೆಳಗಿಳಿಸಿದಳು. "ಹೆಬ್ಬೆಟ್ಟು ಅನ್ನೋದು ಏನ್ ಬರ್ದಿದೆ ಅಂತ ಗೊತ್ತಿಲ್ದೇ ಇರೋರು ಒತ್ತೋದು. ಇವಳು ಓದಿ ಹೇಳಿಬಿಟ್ಟಳು. ನಂಗೀಗ ಗೊತ್ತಾಗಿಹೋಯ್ತು. ಗೊತ್ತಾದ್ಮೇಲೆ ಹೆಂಗೆ ಒತ್ತಲಿ?"

ಪ್ರಿನ್ಸಿಪಾಲರ ದನಿ ಆಗಲೂ ಏರಲಿಲ್ಲ. "ಯೋಚನೆ ಮಾಡು. ನಾಳೆ ಬಂದು ನನ್ನ ಕಾಲು ಹಿಡಿದ್ರೆ ಆಗಲ್ಲ."

"ನಿಮ್ಮ ಕಾಲ ಹತ್ರಾನೇ ಇದ್ದೆನಲ್ಲ ಸಾರ್ ಹದಿನಾಲ್ಕು ವರ್ಷ" ಎಂದಳು ಅಮ್ಮ. "ಗುಡಿಸ್ಕೊಂಡು."

ಸೆರಗಿನ ತುದಿಗೆ ಬೆರಳು ಒರೆಸಿಕೊಂಡಳು. ಆ ನೀಲಿ ಎಷ್ಟು ಒಗೆದರೂ ಹೋಗಲಿಲ್ಲ.

*

ಇದು ಗೆದ್ದ ಕಥೆಯಲ್ಲ. 'ಸಹಿ ಮಾಡಲು ನಿರಾಕರಿಸಿರುತ್ತಾಳೆ' ಎಂದು ಗುಮಾಸ್ತ ಕೆಳಗೆ ಒಂದು ಸಾಲು ಸೇರಿಸಿದ. ಅಷ್ಟೇ ಸಾಕಾಯಿತು. ನಿರಾಕರಿಸಿದವರು ತಪ್ಪಿತಸ್ಥರಲ್ಲದೆ ಮತ್ತೇನು? ಒಬ್ಬಳಿಗೆ ಮೂರು ವರ್ಷ ಡಿಬಾರ್. ಹತ್ತೊಂಬತ್ತು ಜನಕ್ಕೆ ಏಳನೇ ಪ್ರಶ್ನೆಗೆ ಸರಾಸರಿ ಅಂಕ. ಎಲ್ಲರೂ ಪಾಸು. ಮೇಷ್ಟ್ರಿಗೆ ಬೀಳ್ಕೊಡುಗೆ ಆಯಿತು. ಸಾವಿರಾರು ವಿದ್ಯಾರ್ಥಿಗಳಿಗೆ ದಾರಿದೀಪವಾದವರು ಎಂದು ಪ್ರಿನ್ಸಿಪಾಲರು ಭಾಷಣ ಮಾಡಿದರು. ಮೇಷ್ಟ್ರು ಉತ್ತರವಾಗಿ ಎದ್ದು ನಿಂತು, ಕೆಮ್ಮಿ ಕೂತರಂತೆ. ಅವತ್ತು ವೇದಿಕೆಯಲ್ಲಿ ಚಾಕ್‌ಪೀಸಿನ ಧೂಳು ಇರಲಿಲ್ಲ.

ಅಮ್ಮನಿಗೆ ಸೋಮವಾರದಿಂದ ಬರಬೇಡ ಎಂದರು. ಟೆಂಪರರಿಯವರಿಗೆ ಕಾರಣ ಹೇಳಬೇಕೆಂಬ ನಿಯಮವಿಲ್ಲ.

ಇಬ್ಬರೂ ಇಟ್ಟಿಗೆ ಗೂಡಿಗೆ ಹೋದರು. ಹಿಂದೆ ಅಪ್ಪ ಸತ್ತದ್ದು ಅದೇ ಗೂಡು ಕುಸಿದು. ಆಮೇಲೆ ಆ ದಾರಿಯಲ್ಲೂ ನಡೆಯಲಾರೆನೆಂದು ಅಮ್ಮ ಪೊರಕೆ ಹಿಡಿದಿದ್ದಳು. ಈಗ ಆ ದಾರಿಯಲ್ಲೇ ಮುಂದೆ ಅವಳು, ಹಿಂದೆ ಮಗಳು. ಹಸಿ ಇಟ್ಟಿಗೆ ಒಂದು ಸಲಕ್ಕೆ ಎಂಟು ಹೊರಬೇಕು. ಮಗಳು ಮೊದಲ ದಿನ ಆರು ಹೊತ್ತಳು. "ಮೂರು ವರ್ಷ ಓದಿದ ಕತ್ತು ಇದು, ಎಳಸು" ಎಂದು ಗೂಡಿನ ಹೆಂಗಸರು ತಮಾಷೆ ಮಾಡಿದರು. ತಮಾಷೆ ಮಾಡುತ್ತ ಅವಳ ತಲೆಯ ಮೇಲಿನ ಸಿಂಬೆ ಸರಿಮಾಡಿ ಕೊಟ್ಟರು. ಮೂರು ವರ್ಷದಲ್ಲಿ ಹೀಗೆ ಮೈ ಮುಟ್ಟಿ ಮಾತಾಡಿದವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ.

ಎಂ.ಎ. ಸೀಟಿನ ಕೊನೆಯ ದಿನಾಂಕ ಒಂದು ಬುಧವಾರ ಬಂದು ಹೋಯಿತು. ಅವತ್ತು ಅವಳು ಎಂಟು ಹೊತ್ತಳು.

ಒಂದು ಕೆಲಸ ಮಾತ್ರ ಅವಳು ಬಿಡಲಿಲ್ಲ. ತನ್ನ ಉತ್ತರಪತ್ರಿಕೆಯ ಪ್ರತಿಯನ್ನು ಕೇಳುವ ಹಕ್ಕು ವಿದ್ಯಾರ್ಥಿಗೆ ಇದೆಯೆಂದು ಎಲ್ಲೋ ಓದಿದ್ದಳು. ವಿಶ್ವವಿದ್ಯಾಲಯಕ್ಕೆ ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಸಂಬಂಧಪಟ್ಟ ಶಾಖೆಗೆ ಬರೆಯಿರಿ ಎಂದು ಬಂತು. ಸಂಬಂಧಪಟ್ಟ ಶಾಖೆ ತಮಗೆ ಸಂಬಂಧವಿಲ್ಲ ಎಂದಿತು. ಅವಳು ಬರೆಯುತ್ತಲೇ ಇದ್ದಳು. ಇಟ್ಟಿಗೆಯ ಮಣ್ಣು ಮೆತ್ತಿದ ಬೆರಳ ಗುರುತು ಪ್ರತಿ ಅರ್ಜಿಯ ಅಂಚಿಗೂ ಬೀಳುತ್ತಿತ್ತು. ಏಳನೆಯ ಅರ್ಜಿಗೆ ದಪ್ಪ ಲಕೋಟೆ ಬಂತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೂಡಿನ ನೆರಳಿಗೆ ಕೂತು ಒಡೆದಳು. ಅಮ್ಮ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ಮೊದಲ ಪುಟದ ಮೇಲೆ ಅಡ್ಡಲಾಗಿ ಮೊಹರು: ತಡೆಹಿಡಿಯಲಾಗಿದೆ. ಒಳಗೆ ಪುಟ ತಿರುವುತ್ತ ಹೋದಳು. ಏಳನೇ ಪ್ರಶ್ನೆಯ ಪಕ್ಕದಲ್ಲಿ ಒಂದು ಸರಿ ಗುರುತು. ಅದರ ಕೆಳಗೆ ಹತ್ತು. ಅದರ ಪಕ್ಕದಲ್ಲಿ, ನಿಯಮದ ಪ್ರಕಾರ ಯಾವ ಮೌಲ್ಯಮಾಪಕರೂ ಬರೆಯಬಾರದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು: ತುಂಬಾ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ.

ಅವಳ ಕೈ ಅಲ್ಲೇ ನಿಂತಿತು. ಮುಂದಿನ ಪುಟ ತಿರುವಲಿಲ್ಲ.

"ಏನಂತೆ?" ಎಂದಳು ಅಮ್ಮ.

"ಹತ್ತಕ್ಕೆ ಹತ್ತು ಕೊಟ್ಟಿದಾರೆ."

"ಅಂದ್ರೆ?"

"ಪೂರ್ತಿ ಸರಿ ಅಂತ. ನಾನು ಬರೆದಿದ್ದು."

"ಯಾರು ಕೊಟ್ಟಿದ್ದು? ಅವರೇನಾ? ರಿಸಲ್ಟ್ ತಡೆದೋರೇನಾ?"

"ಹೂಂ. ಅಲ್ಲಿಯವರೇ."

"ಹಾಗಾದ್ರೆ ಸರಿ ಅಂತ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ಮೊದಲಿಂದ್ಲೂ ಗೊತ್ತಿತ್ತು."

ಅಮ್ಮ ಹಾಳೆಯನ್ನು ತೆಗೆದುಕೊಂಡಳು. ಓದಲು ಬಾರದ ಕಣ್ಣಿನಿಂದ ಆ ಕೆಂಪು ಗುರುತನ್ನು ತುಂಬ ಹೊತ್ತು ನೋಡಿದಳು. ಗೂಡಿನ ಕಡೆಯಿಂದ ಮೇಸ್ತ್ರಿಯ ಸೀಟಿ ಕೇಳಿಸಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅಮ್ಮ ಏಳಲಿಲ್ಲ.

"ಗೊತ್ತಿದ್ದೂನಾ?" ಎಂದಳು.